ಜೀಪ್ ಎಳೆಯಲು ಹಳೇ ಟ್ರಕ್: ಡೆನ್ವರ್–ಮೋಯಾಬ್ ಹಾದಿಗೆ ಯಾವುದು ಸುರಕ್ಷಿತ?

ಪ್ರಶ್ನೆ: ಮಲೆನಾಡಿಗ_ಕೊಲರಾಡೊ

ಎಲ್ಲರಿಗೂ ನಮಸ್ಕಾರ. 2012ರ ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಇದೆ. 37 ಇಂಚಿನ ಟೈರ್, ಸ್ಟೀಲ್ ಬಂಪರ್, ವಿಂಚ್, ಸ್ಕಿಡ್ ಪ್ಲೇಟ್ ಎಲ್ಲಾ ಸೇರಿ ವೇಬ್ರಿಡ್ಜ್‌ನಲ್ಲಿ 5,400 ಪೌಂಡ್ ತೂಗುತ್ತದೆ. ಬಿಡಿಭಾಗ, ಟೂಲ್ಸ್, ಪೆಟ್ರೋಲ್ ಕ್ಯಾನ್ ಅಂತ ಇನ್ನೊಂದು 400 ಪೌಂಡ್ ಜೀಪಿನೊಳಗೇ ಇರುತ್ತದೆ. ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಯೂಟಾದ ಮೋಯಾಬ್‌ಗೆ ಟ್ರೇಲರ್ ಮೇಲೆ ಒಯ್ಯಬೇಕು. ಟ್ರಕ್‌ನಲ್ಲಿ ನಾಲ್ಕು ಜನ, ಹಿಂದೆ ಕ್ಯಾಂಪಿಂಗ್ ಸಾಮಾನು.

ಹೊಸ ಟ್ರಕ್‌ಗೆ ಬಜೆಟ್ ಇಲ್ಲ. 15,000 ಡಾಲರ್ ಒಳಗೆ, 1999ರಿಂದ 2008ರ ನಡುವಿನದು ನೋಡುತ್ತಿದ್ದೇನೆ. 9,000 ಪೌಂಡ್ ಎಳೆಯುತ್ತದೆ ಅಂತ ಬ್ರೋಷರ್‌ನಲ್ಲಿ ಬರೆದಿರುವ ಹಾಫ್-ಟನ್ (ಹಗುರ ದರ್ಜೆಯ ಪಿಕಪ್) ಟ್ರಕ್ ಸಾಕಾಗುವುದಿಲ್ಲವೇ? ಡೀಸೆಲ್ಲೇ ಬೇಕಾ? ಹಳೇ ಗಾಡಿಯಲ್ಲಿ ಮೊದಲು ಏನನ್ನು ನೋಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ತೂಕದ_ಲೆಕ್ಕ

ಸರ್, ಬ್ರೋಷರ್‌ನ ಆ 9,000 ಅನ್ನು ಪಕ್ಕಕ್ಕಿಡಿ. ಎಲ್ಲ ಕಂಪನಿಗಳೂ ಒಂದೇ ಪರೀಕ್ಷೆಯಿಂದ (ಎಸ್‌ಎಇ ಜೆ2807) ಎಳೆಯುವ ಸಾಮರ್ಥ್ಯ ಅಳೆಯಲು ಶುರು ಮಾಡಿದ್ದು 2011ರಿಂದ ಈಚೆಗೆ, ಅದೂ ಒಂದೊಂದಾಗಿ. ನೀವು ನೋಡುತ್ತಿರುವ ಕಾಲದ ಟ್ರಕ್‌ಗಳಲ್ಲಿ ಆ ಸಂಖ್ಯೆಯನ್ನು ಅವರವರೇ ಕೊಟ್ಟುಕೊಂಡಿದ್ದು. ಅದಕ್ಕಿಂತ ಮೊದಲೇ ಮುಗಿದುಹೋಗುವುದು ಪೇಲೋಡ್, ಅಂದರೆ ಟ್ರಕ್ ತನ್ನ ಮೇಲೆ ಹೊರಬಲ್ಲ ತೂಕ.

ನಿಮ್ಮ ಲೆಕ್ಕ ಹೀಗೆ. ಜೀಪ್ ಮತ್ತು ಒಳಗಿನ ಸಾಮಾನು 5,800 ಪೌಂಡ್. 20 ಅಡಿಯ ಸ್ಟೀಲ್ ಡೆಕ್ ಟ್ರೇಲರ್ ಸುಮಾರು 2,600. ಒಟ್ಟು 8,400. ಟ್ರೇಲರ್ ಓಲಾಡದೆ ನೇರವಾಗಿ ಬರಬೇಕಾದರೆ ಇದರ 10ರಿಂದ 15 ಶೇಕಡಾ ಹಿಚ್ (ಟ್ರಕ್ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂತಿರಬೇಕು. 12 ಶೇಕಡಾ ಎಂದರೂ 1,000 ಪೌಂಡ್. ಈ ಟಂಗ್ ವೆಯ್ಟ್ ಪೂರ್ತಿ ಟ್ರಕ್‌ನ ಪೇಲೋಡ್‌ನಿಂದಲೇ ಕಳೆಯುತ್ತದೆ. ನಾಲ್ಕು ಜನ 600, ಹಿಂದಿನ ಸಾಮಾನು 400, ಹಿಚ್ ಮೇಲಿನ ಭಾರವನ್ನು ಬಾರ್ ಮೂಲಕ ಮುಂದಿನ ಚಕ್ರಕ್ಕೂ ಟ್ರೇಲರ್ ಆಕ್ಸಲ್‌ಗೂ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್‌ನದೇ 100. ಕೂಡಿಸಿದರೆ 2,100 ಪೌಂಡ್. ಹಾಫ್-ಟನ್ ಟ್ರಕ್‌ನ ಪೇಲೋಡ್ ಸಾಮಾನ್ಯವಾಗಿ 1,400–1,800. ಎಂಜಿನ್ ಎಳೆದುಬಿಡುತ್ತದೆ, ಆದರೆ ಹಿಂದಿನ ಸ್ಪ್ರಿಂಗ್, ಆಕ್ಸಲ್, ಟೈರ್ ಮಿತಿ ಮೀರಿರುತ್ತವೆ. ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ಹೋಗುತ್ತದೆ.

ಮುಕ್ಕಾಲು ಟನ್ (ಅದಕ್ಕಿಂತ ಒಂದು ದರ್ಜೆ ಮೇಲಿನದು) ತಗೊಂಡರೆ ಮುಗಿಯಿತು ಅಂತಲೂ ಅಂದುಕೊಳ್ಳಬೇಡಿ. 1999–2004ರ ಫೋರ್ಡ್ ಎಫ್-250ಯ ಜಿವಿಡಬ್ಲ್ಯುಆರ್ (ಜನ, ಸಾಮಾನು ಸೇರಿ ಟ್ರಕ್ ತೂಗಬಹುದಾದ ಗರಿಷ್ಠ) 8,800 ಪೌಂಡ್. ಡೀಸೆಲ್, ಕ್ರೂ ಕ್ಯಾಬ್, ಫೋರ್ ವ್ಹೀಲ್ ಡ್ರೈವ್ ಆದರೆ ಗಾಡಿಯೇ 7,000 ಹತ್ತಿರ ತೂಗುತ್ತದೆ, ಉಳಿಯುವುದು 1,800. ಅದೇ ಕಾಲದ ಸಿಂಗಲ್ ರಿಯರ್ ವ್ಹೀಲ್ (ಹಿಂದೆ ಬದಿಗೊಂದೇ ಚಕ್ರ) ಎಫ್-350ಗೆ 9,900ರ ಸ್ಟಿಕ್ಕರ್ ಇದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಹಿಂದಿನ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವಿನ ಬ್ಲಾಕ್‌ನ ಎತ್ತರ ಮತ್ತು ಓವರ್‌ಲೋಡ್ ಸ್ಪ್ರಿಂಗ್. ಬೆಲೆ ಹೆಚ್ಚುಕಡಿಮೆ ಒಂದೇ ಇದ್ದರೆ 350 ಹುಡುಕಿ. ಷೆವ್ರೊಲೆ 2500ಎಚ್‌ಡಿ 9,200 ಪೌಂಡ್, 6.0 ಲೀಟರ್ ಪೆಟ್ರೋಲ್ ಎಂಜಿನ್ ಹಗುರ, ಹಾಗಾಗಿ ಕ್ರೂ ಕ್ಯಾಬ್‌ನಲ್ಲೂ 3,000 ಪೌಂಡ್ ಆಸುಪಾಸು ಪೇಲೋಡ್ ಸಿಗುತ್ತದೆ.

ಹಳೇ ಗಾಡಿಗಳಲ್ಲಿ ಪೇಲೋಡ್‌ನ ಹಳದಿ ಸ್ಟಿಕ್ಕರ್ ಇರದಿರಬಹುದು. ಡ್ರೈವರ್ ಬಾಗಿಲ ಕಂಬದ ಮೇಲಿನ ಲೇಬಲ್‌ನಲ್ಲಿ ಜಿವಿಡಬ್ಲ್ಯುಆರ್, ಹಿಂದಿನ ಆಕ್ಸಲ್‌ನ ಮಿತಿ ಎರಡೂ ಇರುತ್ತವೆ. 2500ಎಚ್‌ಡಿಯಲ್ಲಿ ಹಿಂದಿನ ಆಕ್ಸಲ್ 6,084 ಎಂದಿರುತ್ತದೆ. ಎಲ್‌ಟಿ245/75ಆರ್16 ಲೋಡ್ ರೇಂಜ್ ಇ ಟೈರ್ 80 ಪಿಎಸ್‌ಐನಲ್ಲಿ ಒಂದಕ್ಕೆ 3,042 ಹೊರುತ್ತದೆ, ಎರಡು ಸೇರಿದರೆ ಸರಿಯಾಗಿ 6,084. ಅಂದರೆ ಮಿತಿ ನಿಂತಿರುವುದೇ ಟೈರ್ ಮೇಲೆ. ಹಿಂದಿನ ಮಾಲೀಕ ಚೆನ್ನಾಗಿ ಕಾಣಲಿ ಅಂತ ಕಾರಿನ ಪಿ-ರೇಟೆಡ್ ಟೈರ್ ಹಾಕಿಸಿದ್ದರೆ ಲೇಬಲ್‌ಗೆ ಬೆಲೆಯೇ ಇಲ್ಲ.

ಎತ್ತರಿಸಿದ, 35 ಇಂಚು ಟೈರ್ ಹಾಕಿದ ಟ್ರಕ್ ಬೇಡ. 30.5 ಇಂಚಿನ ಟೈರ್‌ಗೆ ಅಂತ ಇದ್ದ 4.10 ಆಕ್ಸಲ್ ಅನುಪಾತ (ಸಂಖ್ಯೆ ದೊಡ್ಡದಾದಷ್ಟು ಎಳೆತ ಹೆಚ್ಚು) ಅಲ್ಲಿ 3.57 ಇದ್ದ ಹಾಗೆ ಆಗುತ್ತದೆ, ಹಿಚ್‌ಗೂ ಉದ್ದನೆಯ ಡ್ರಾಪ್ ಶ್ಯಾಂಕ್ (ಕೊಂಡಿಯನ್ನು ಕೆಳಕ್ಕೆ ಇಳಿಸುವ ತೋಳು) ಬೇಕಾಗುತ್ತದೆ.

ಉತ್ತರ: ಡೀಸೆಲ್_ದಾವಣಗೆರೆ

ಮೇಲಿನವರು ಹೇಳಿದ ಲೆಕ್ಕಕ್ಕೆ ಪೂರ್ತಿ ಒಪ್ಪಿಗೆ. ಎಂಜಿನ್ ಬಗ್ಗೆ ನಾನು ಹೇಳುತ್ತೇನೆ.

ಡೀಸೆಲ್ಲೇ ಬೇಕು ಅಂತಿಲ್ಲ, ಆದರೆ ಎತ್ತರ ಗಮನಿಸಿ. ಐಸೆನ್‌ಹೋವರ್ ಸುರಂಗ 11,000 ಅಡಿ ದಾಟುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ, ಅಲ್ಲಿಗೆ ಹೋಗುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ. 300 ಎಚ್‌ಪಿಯ 6.0 ಪೆಟ್ರೋಲ್ ಅಲ್ಲಿ 200 ಕೊಟ್ಟರೆ ಹೆಚ್ಚು. ಟ್ರಕ್, ಟ್ರೇಲರ್ ಸೇರಿ 15,400 ಪೌಂಡ್, 7 ಶೇಕಡಾ ಏರು ಅಂದರೆ ಗಂಟೆಗೆ 40 ಮೈಲಿ ಆಸುಪಾಸು, ಬಲಗಡೆಯ ಲೇನ್. ಕಿರುಚುತ್ತದೆ, ಆದರೆ ಅದರಿಂದ ಏನೂ ಕೆಡುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಹೋಗುವವರಿಗೆ 6.0 ಪೆಟ್ರೋಲ್ ಜೊತೆ 4ಎಲ್80ಇ ಗೇರ್‌ಬಾಕ್ಸ್ ನನ್ನ ಮೊದಲ ಆಯ್ಕೆ. 4.10 ಆಕ್ಸಲ್ ಇರುವುದನ್ನೇ ತಗೊಳ್ಳಿ, 3.73 ಆದರೆ ಒಟ್ಟು ತೂಕದ ಮಿತಿ ಸುಮಾರು 2,000 ಪೌಂಡ್ ಕಮ್ಮಿ. ಗ್ಲವ್ ಬಾಕ್ಸ್ ಒಳಗಿನ ಸ್ಟಿಕ್ಕರ್‌ನಲ್ಲಿ ಜಿಟಿ5 ಅಂತಿದ್ದರೆ 4.10, ಜಿಟಿ4 ಅಂದರೆ 3.73.

ಡೀಸೆಲ್ ಬೇಕೇ ಬೇಕು ಅಂದರೆ:

ಫೋರ್ಡ್ 7.3 (2003ರ ಆರಂಭದವರೆಗೆ) ಗಟ್ಟಿ. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ತಿರುವಿ ಬಾಯಿ ಮೇಲೆ ಹಾಗೇ ಇಡಿ, ಹಾರಿಬಿದ್ದರೆ ಪಿಸ್ಟನ್ ಉಂಗುರಗಳು ಸವೆದಿವೆ. 2003–2007ರ 6.0 ಡೀಸೆಲ್‌ಗೆ ಸಿಲಿಂಡರ್ ಒಂದಕ್ಕೆ ನಾಲ್ಕೇ ಹೆಡ್ ಬೋಲ್ಟ್ ಪಾಲಿಗೆ ಬರುವುದು. ಆಯಿಲ್ ಕೂಲರ್ ಕಟ್ಟಿಕೊಳ್ಳುತ್ತದೆ, ಆಮೇಲೆ ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಭಾಗ) ಒಡೆಯುತ್ತದೆ, ಆಮೇಲೆ ಹೆಡ್ ಗ್ಯಾಸ್ಕೆಟ್. ಸ್ಕ್ಯಾನರ್ ಹಾಕಿ 65 ಮೈಲಿ ವೇಗದಲ್ಲಿ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಮತ್ತು ಕೂಲಂಟ್ ತಾಪಮಾನ ನೋಡಿ. ವ್ಯತ್ಯಾಸ 15 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ ಕೂಲರ್ ಕಟ್ಟಿಕೊಂಡಿದೆ. ಎಫ್‌ಐಸಿಎಂ (ಇಂಜೆಕ್ಟರ್‌ಗಳನ್ನು ನಡೆಸುವ ವಿದ್ಯುತ್ ಪೆಟ್ಟಿಗೆ) ವೋಲ್ಟೇಜ್ 48 ಇರಬೇಕು, 45ಕ್ಕಿಂತ ಕೆಳಗೆ ಬಂದರೆ ಬೇಡ.

ಷೆವ್ರೊಲೆಯ ಡೀಸೆಲ್ ಎಂಜಿನ್ ಡ್ಯುರಾಮ್ಯಾಕ್ಸ್‌ನಲ್ಲಿ 2001–2004ರ ಎಲ್‌ಬಿ7ಗೆ ಇಂಜೆಕ್ಟರ್ ರೋಗ. ಆಯಿಲ್ ಕಡ್ಡಿ ತೆಗೆದಾಗ ಮಟ್ಟ ಮೇಲೆ ಬಂದಿದ್ದು ಡೀಸೆಲ್ ವಾಸನೆ ಹೊಡೆದರೆ ಇಂಧನ ಆಯಿಲ್‌ಗೆ ಸೇರುತ್ತಿದೆ. ಆ ಇಂಜೆಕ್ಟರ್‌ಗಳು ವಾಲ್ವ್ ಕವರ್ ಒಳಗಿರುವುದರಿಂದ ಬದಲಿಸುವ ಕೂಲಿಯೇ ದುಬಾರಿ. ಅದರ ನಂತರದ ಎಲ್‌ಎಲ್‌ವೈ ಭಾರ ಎಳೆದು ಏರುವಾಗ ಬಿಸಿಯಾಗುತ್ತದೆ, ನಿಮ್ಮ ಹಾದಿಗೆ ಅದು ಸರಿಯಲ್ಲ. 2006–2007ರ ಎಲ್‌ಬಿಜೆಡ್ ಚೆನ್ನಾಗಿದೆ, ಆದರೆ ನಿಮ್ಮ ಬಜೆಟ್‌ನಲ್ಲಿ ತುಂಬಾ ಓಡಿದ್ದೇ ಸಿಗುತ್ತದೆ. ಇವಕ್ಕೆಲ್ಲ ಬರುವ ಆಲಿಸನ್ ಗೇರ್‌ಬಾಕ್ಸ್‌ನ ಹೊರ ಫಿಲ್ಟರ್ ಬಿಚ್ಚಿದರೆ ಅಲ್ಲೊಂದು ದುಂಡನೆ ಅಯಸ್ಕಾಂತ ಇದೆ. ಬೂದು ಬಣ್ಣದ ನುಣುಪು ಪೇಸ್ಟ್ ಇದ್ದರೆ ಸಹಜ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಹಿಂತಿರುಗಿ ಬನ್ನಿ.

ಡಾಡ್ಜ್ ಕಮ್ಮಿನ್ಸ್ 5.9 ಎಂಜಿನ್ ಅದ್ಭುತ, ಆದರೆ 2002ರವರೆಗಿನ ಆಟೊಮ್ಯಾಟಿಕ್ 47ಆರ್‌ಇ ಅದರ ಟಾರ್ಕ್ ತಡೆಯುವುದಿಲ್ಲ. 1998.5–2002ರದ್ದಾದರೆ ಟ್ಯಾಂಕಿನಿಂದ ಡೀಸೆಲ್ ತರುವ ಲಿಫ್ಟ್ ಪಂಪ್‌ನ ಒತ್ತಡ ಅಳೆಯಿರಿ. ಅದು ಸೊರಗಿದರೆ ವಿಪಿ44 ಇಂಜೆಕ್ಷನ್ ಪಂಪ್ ಹಿಂದೆಯೇ ಹೋಗುತ್ತದೆ. ಎಂಜಿನ್ ಬ್ಲಾಕ್ ಮೇಲೆ 53 ಅಂತ ಎರಕದ ಸಂಖ್ಯೆ ಇದ್ದರೆ ಬಿರುಕಿನ ಇತಿಹಾಸ ಇರುವ ಬ್ಲಾಕ್ ಅದು, ಕೂಲಂಟ್ ಒಸರಿದ ಗುರುತು ಹುಡುಕಿ.

ಪೆಟ್ರೋಲ್‌ನಲ್ಲಿ ಫೋರ್ಡ್ 5.4 ಮೂರು-ವಾಲ್ವ್ ಬಿಟ್ಟುಬಿಡಿ: ಕೆಡುವ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ), ತೆಗೆಯುವಾಗ ಮುರಿಯುವ ಸ್ಪಾರ್ಕ್ ಪ್ಲಗ್.

ಉತ್ತರ: ಜಂಗು_ಪರೀಕ್ಷಕ

ಎಂಜಿನ್ ಚರ್ಚೆಯಲ್ಲಿ ಬ್ರೇಕ್ ಪೈಪ್ ಮರೆಯಬೇಡಿ. 20 ವರ್ಷದ ಟ್ರಕ್ ಕೊಲ್ಲುವುದು ಅಲ್ಲೇ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಓಡಿದ ಷೆವ್ರೊಲೆ ಗಾಡಿಗಳ ಸ್ಟೀಲ್ ಬ್ರೇಕ್ ಪೈಪ್ ಡ್ರೈವರ್ ಬಾಗಿಲ ಕೆಳಗೆ, ಚಾಸಿಯ ಒಳಬದಿಯಲ್ಲಿ ಜಂಗು ಹಿಡಿದು ಒಡೆಯುತ್ತದೆ. ಕೊಲರಾಡೊದಲ್ಲಿ ರಸ್ತೆಗೆ ಹಾಕುವ ಮೆಗ್ನೀಸಿಯಂ ಕ್ಲೋರೈಡ್ ಕೂಡ ಸಾಧುವಲ್ಲ. ಟಾರ್ಚ್ ಹಿಡಿದು ಪೈಪ್‌ನ ಪೂರ್ತಿ ಉದ್ದ ನೋಡಿ. ಪದರ ಪದರ ಎದ್ದಿದ್ದರೆ ಇಡೀ ಸೆಟ್ ಬದಲಿಸಬೇಕು. ಯಾರಾದರೂ ನಡುವೆ ಕತ್ತರಿಸಿ ಕಂಪ್ರೆಷನ್ ಫಿಟಿಂಗ್ ಹಾಕಿ ಜೋಡಿಸಿದ್ದರೆ ಆ ಗಾಡಿಯನ್ನು ಓಡಿಸಿ ನೋಡುವುದೂ ಬೇಡ. ಬ್ರೇಕ್ ಪೈಪ್ ಜೋಡಣೆ ಫ್ಲೇರ್‌ನಲ್ಲೇ (ಪೈಪ್ ತುದಿಯನ್ನು ಅಗಲಿಸಿ ಕೂರಿಸುವುದು) ಆಗಬೇಕು. ಫೋರ್ಡ್ ಸೂಪರ್ ಡ್ಯೂಟಿಯಲ್ಲಿ ಹಿಂದಿನ ಸ್ಪ್ರಿಂಗ್ ಹ್ಯಾಂಗರ್, ಶ್ಯಾಕಲ್ ಕೊಳೆಯುತ್ತವೆ. ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಚಾಸಿಗೆ ಹೊಸದಾಗಿ ದಪ್ಪನೆ ಕಪ್ಪು ಬಣ್ಣ ಬಳಿದಿದ್ದರೆ ಅದರ ಕೆಳಗೇ ಕುಟ್ಟಿ.

ಹಿಚ್ ರಿಸೀವರ್ (ಹಿಚ್ ಸಿಕ್ಕಿಸಲು ಚಾಸಿಗೆ ಬಿಗಿದ ಚೌಕಟ್ಟು) ಮೇಲೆ ಎರಡು ಸಂಖ್ಯೆಗಳ ಲೇಬಲ್ ಇರುತ್ತದೆ. ವೆಯ್ಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ ಎಷ್ಟು, ಇದ್ದರೆ ಎಷ್ಟು ಅಂತ. ಈ ಕಾಲದ ಹಲವು ಗಾಡಿಗಳಲ್ಲಿ ಮೊದಲನೆಯದು ಬರೀ 5,000 ಪೌಂಡ್, ಟಂಗ್ 500. ನಿಮ್ಮದು 1,000. ಅಂದರೆ ಬರೀ ಹಿಚ್ ಬಾಲ್ (ಗುಂಡು) ಮೇಲೆ ಟ್ರೇಲರ್ ಕೂರಿಸಿ ಹೊರಡುವ ಹಾಗಿಲ್ಲ. ಷೆವ್ರೊಲೆಯ ದುಂಡು ಕೊಳವೆಯ ರಿಸೀವರ್ ಆದರೆ ಬೆಸುಗೆಯ ಸುತ್ತ ಬಿರುಕಿದೆಯೇ ಅಂತ ಬ್ರಷ್ ಹಾಕಿ ಉಜ್ಜಿ ನೋಡಿ.

ಉತ್ತರ: ಟ್ರೇಲರ್_ಗೆಳೆಯ

ಟ್ರೇಲರ್ ಬಗ್ಗೆ ಒಂದು ಮಾತು. ಅಗ್ಗಕ್ಕೆ ಸಿಗುವ ಕಾರ್ ಹಾಲರ್‌ಗಳಲ್ಲಿ 3,500 ಪೌಂಡಿನ ಎರಡು ಆಕ್ಸಲ್, ಒಟ್ಟು 7,000. ಅದರ ಸ್ವಂತ ತೂಕ ಕಳೆದರೆ ನಿಮ್ಮ ಜೀಪ್ ಹೊರುವುದಿಲ್ಲ. ಯು-ಹಾಲ್ ಬಾಡಿಗೆ ಟ್ರೇಲರ್‌ನ ಮಿತಿಯೂ 5,290 ಪೌಂಡ್, ಅದೂ ಆಗದು. 5,200ರ ಎರಡು ಆಕ್ಸಲ್, ನಾಲ್ಕೂ ಚಕ್ರಕ್ಕೆ ಎಲೆಕ್ಟ್ರಿಕ್ ಬ್ರೇಕ್ ಇರುವುದೇ ಬೇಕು. ಟೈರ್ ಬದಿಯ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. ಆರು ವರ್ಷ ದಾಟಿದ್ದರೆ ಗೀರು (ಟ್ರೆಡ್) ಚೆನ್ನಾಗಿದ್ದರೂ ಬದಲಿಸಿ.

ಕಟ್ಟುವಾಗ ಆಕ್ಸಲ್‌ಗೆ ಕಟ್ಟಿ, ಚಾಸಿಗಲ್ಲ. ಚಾಸಿಗೆ ಕಟ್ಟಿದರೆ ಸ್ಪ್ರಿಂಗ್ ಕುಣಿದಂತೆಲ್ಲ ಪಟ್ಟಿ ಸಡಿಲಾಗುತ್ತದೆ. 2 ಇಂಚಿನ, 3,333 ಪೌಂಡ್ ಕೆಲಸದ ಮಿತಿಯ ನಾಲ್ಕು ರಾಚೆಟ್ ಪಟ್ಟಿ, ಮೂಲೆಗೊಂದು. 10–15 ಮೈಲಿ ಆದಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ.

ಪ್ರಶ್ನೆ ಕೇಳಿದವರು: ಮಲೆನಾಡಿಗ_ಕೊಲರಾಡೊ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಗಾಡಿ ಉಳಿದಿವೆ. 2004ರ ಎಫ್-250 6.0 ಡೀಸೆಲ್, ಕಡಿಮೆ ಓಡಿದೆ, ಒಹಾಯೊ ಗಾಡಿ. 2006ರ 2500ಎಚ್‌ಡಿ 6.0 ಪೆಟ್ರೋಲ್, ಜಿಟಿ5, ಜಾಸ್ತಿ ಓಡಿದೆ, ಅರಿಜೋನದ್ದು. ಯಾವುದು? ತಗೊಂಡ ಮೇಲೆ ಮೊದಲ ಕೆಲಸ ಏನು?

ಉತ್ತರ: ಡೀಸೆಲ್_ದಾವಣಗೆರೆ

ಎರಡನೆಯದು, ಯೋಚನೆಯೇ ಬೇಡ. ಒಹಾಯೊ ಉಪ್ಪು ಸುರಿಯುವ ರಾಜ್ಯ. ಎಂಜಿನ್ ರಿಪೇರಿ ಆಗುತ್ತದೆ, ಕೊಳೆತ ಚಾಸಿ ಆಗುವುದಿಲ್ಲ. ಅರಿಜೋನದ ಬಿಸಿಲಿಗೆ ರಬ್ಬರ್ ಹೋಗಿರುತ್ತದೆ, ಆದ್ದರಿಂದ ಬ್ರೇಕ್ ಹೋಸ್, ರೇಡಿಯೇಟರ್ ಹೋಸ್, ಬೆಲ್ಟ್, ಟೈರ್ ಎಲ್ಲ ಹೊಸದು ಹಾಕಿಸಿ. ಗೇರ್‌ಬಾಕ್ಸ್‌ಗೆ ಡೆಕ್ಸ್ರಾನ್-6; ಪ್ಯಾನ್ ಇಳಿಸಿದರೆ ಸುಮಾರು ಅರ್ಧ ಆಯಿಲ್ ಮಾತ್ರ ಹೊರಬರುತ್ತದೆ, ಸ್ವಲ್ಪ ಓಡಿಸಿ ಇನ್ನೊಂದು ಸಲ ಬದಲಿಸಿ. ಗೇರ್‌ಬಾಕ್ಸ್ ತಾಪಮಾನ 200 ಫ್ಯಾರನ್‌ಹೀಟ್ ಒಳಗಿದ್ದರೆ ನಿಶ್ಚಿಂತೆ, 220 ದಾಟಿದರೆ ಗೇರ್ ಇಳಿಸಿ ನಿಧಾನಿಸಿ. ಈ ಗಾಡಿಯಲ್ಲಿ ಬ್ರೇಕ್‌ಗೆ ಬಲ ಬರುವುದು ಪವರ್ ಸ್ಟೀರಿಂಗ್ ಪಂಪ್‌ನಿಂದ. ಅಲ್ಲಿ ಸೋರಿಕೆ ಇದ್ದರೆ ಸ್ಟೀರಿಂಗ್ ಮಾತ್ರವಲ್ಲ, ಬ್ರೇಕೂ ಗಟ್ಟಿಯಾಗುತ್ತದೆ.

ಬ್ರೇಕ್ ಕಂಟ್ರೋಲರ್ (ಟ್ರಕ್ ಒಳಗಿಂದ ಟ್ರೇಲರ್ ಬ್ರೇಕ್ ನಡೆಸುವ ಸಾಧನ) ಕೂರಿಸುವಾಗ ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್ ಪಕ್ಕ ನೋಡಿ. ಟ್ರೇಲರ್ ಬ್ರೇಕ್‌ನ ತಂತಿ ಎಷ್ಟೋ ಗಾಡಿಗಳಲ್ಲಿ ಟೇಪ್ ಸುತ್ತಿ ಹಾಗೇ ಮಡಚಿಟ್ಟಿರುತ್ತದೆ, ಸ್ಟಡ್‌ಗೆ ಜೋಡಿಸಿರುವುದೇ ಇಲ್ಲ. ಕಂಟ್ರೋಲರ್ ಕೆಟ್ಟಿದೆ ಅಂತ ವಾಪಸ್ ಕೊಟ್ಟುಬಿಡಬೇಡಿ.

ಉತ್ತರ: ತೂಕದ_ಲೆಕ್ಕ

ಹೊರಡುವ ಮುಂಚೆ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ನಲ್ಲಿ (ಆಕ್ಸಲ್‌ಗಳನ್ನು ಬೇರೆ ಬೇರೆ ತೂಗುವ ವೇಬ್ರಿಡ್ಜ್) ಮೂರು ಸಲ ತೂಗಿ, ಜನ ಮತ್ತು ಸಾಮಾನು ಒಳಗಿದ್ದಂತೆಯೇ. ಮೊದಲು ಟ್ರಕ್ ಒಂದೇ: ಮುಂದೆ 3,700, ಹಿಂದೆ 3,300 ಬಂತು ಅಂದುಕೊಳ್ಳಿ. ಆಮೇಲೆ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಬಾರ್ ಹಾಕದೆ ಟ್ರೇಲರ್ ಜೊತೆ: 3,280, 4,720, ಟ್ರೇಲರ್ ಆಕ್ಸಲ್ 7,400. ಟ್ರಕ್ ಮೇಲೆ ಏರಿದ್ದು 1,000, ಅದೇ ಟಂಗ್ ವೆಯ್ಟ್. 8,400ಕ್ಕೆ 12 ಶೇಕಡಾ ಹತ್ತಿರ. ಮುಂದಿನ ಚಕ್ರ ಕಳೆದುಕೊಂಡಿದ್ದು 420. ಮೂರನೇ ಸಲ ಬಾರ್ ಬಿಗಿದು: 3,520, 4,360, 7,520. ಕಳೆದುಕೊಂಡ 420ರಲ್ಲಿ 240 ವಾಪಸ್ ಬಂತು. ಕನಿಷ್ಠ ಅರ್ಧ ಬರಬೇಕು ಅಂತ ಇಟ್ಟುಕೊಳ್ಳಿ, ನಿಖರ ಪ್ರಮಾಣ ಆಯಾ ಟ್ರಕ್‌ನ ಪುಸ್ತಕದಲ್ಲಿರುತ್ತದೆ. ಟಂಗ್ 10 ಶೇಕಡಾಕ್ಕಿಂತ ಕಮ್ಮಿ ಬಂದರೆ ಜೀಪ್ ಅನ್ನು ಮುಂದಕ್ಕೆ ಸರಿಸಿ, ಮತ್ತೆ ತೂಗಿ. ಸರಿಯಾದ ಜಾಗ ಸಿಕ್ಕ ಮೇಲೆ ಡೆಕ್ ಮೇಲೆ ಟೈರ್ ನಿಲ್ಲುವ ಕಡೆ ಬಣ್ಣದ ಗೆರೆ ಎಳೆದುಬಿಡಿ.

ಸುರಂಗ ದಾಟಿದ ಕೂಡಲೇ ಸಿಲ್ವರ್‌ಥಾರ್ನ್ ಕಡೆಗೆ 7 ಶೇಕಡಾ ಇಳಿಜಾರು, ಆಮೇಲೆ ವೇಲ್ ಪಾಸ್ ಇಳಿಯುವಾಗ ಮತ್ತೆ ಅಷ್ಟೇ. ಪೆಟ್ರೋಲ್ ಗಾಡಿಗೆ ಎಗ್ಸಾಸ್ಟ್ ಬ್ರೇಕ್ ಇಲ್ಲ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರ್‌ಗೆ ತನ್ನಿ. ಕಾಲು ಬ್ರೇಕ್ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. 45ಕ್ಕೆ ಏರಿದಾಗ ಗಟ್ಟಿಯಾಗಿ ಒತ್ತಿ 40ಕ್ಕೆ ತಂದು ಪೂರ್ತಿ ಬಿಡಿ, ಮತ್ತೆ 45 ಆಗುವವರೆಗೆ ಮುಟ್ಟಬೇಡಿ. ಆ ನಡುವೆ ಡಿಸ್ಕ್ ತಣಿಯುತ್ತದೆ.

ಕಂಟ್ರೋಲರ್‌ನ ಗೇನ್ (ಟ್ರೇಲರ್ ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕು ಎಂಬ ಹೊಂದಿಕೆ) ಅನ್ನು ಘಾಟಿಗೆ ಹೋಗುವ ಮುಂಚೆ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಜೀಪ್ ಹೇರಿಕೊಂಡೇ ಹೊಂದಿಸಿ. 25 ಮೈಲಿ ವೇಗದಲ್ಲಿ ಕಂಟ್ರೋಲರ್‌ನ ಕೈ ಲಿವರ್ ಒಂದನ್ನೇ ಪೂರ್ತಿ ಒತ್ತಿ; ಟ್ರೇಲರ್ ಚಕ್ರ ಲಾಕ್ ಆಗಿ ಜಾರುವವರೆಗೆ ಗೇನ್ ಏರಿಸಿ, ಆಮೇಲೆ ಜಾರುವುದು ನಿಲ್ಲುವಷ್ಟು ಮಾತ್ರ ಇಳಿಸಿ. ಖಾಲಿ ಟ್ರೇಲರ್ ತರುವಾಗ ಅದೇ ಗೇನ್ ಹೆಚ್ಚಾಗುತ್ತದೆ, ಆಗ ಮತ್ತೊಮ್ಮೆ ಹೊಂದಿಸಬೇಕು.