ಹಾರ್ಟ್ ಅಟ್ಯಾಕ್ ಅಲ್ಲ ಮಾರಾಯ್ರೆ, ಗ್ಯಾಸು!

ನಮ್ಮ ತೀರ್ಥಹಳ್ಳಿ ಕಡೆ ಬದುಕಿದ್ದಾಗ ಯಾರಿಗೂ ಹಾರ್ಟ್ ಅಟ್ಯಾಕ್ ಆಗುವುದಿಲ್ಲ. ಗ್ಯಾಸ್ ಆಗುತ್ತದೆ. ಎದೆ ಹಿಡಿದುಕೊಂಡರೆ ಗ್ಯಾಸು, ಮೈ ಬೆವರಿದರೆ ಪಿತ್ತ, ಎಡಗೈ ನೋವು ಬಂದರೆ ನಿನ್ನೆ ಅಡಿಕೆ ಕೊನೆ ಹೊತ್ತಿದ್ದು. ಜೀರಿಗೆ ಕಷಾಯ, ಸೋಡಾ, ಈನೋ ಎಲ್ಲ ಮುಗಿದ ಮೇಲೆ ಆಸ್ಪತ್ರೆ. ಹಾರ್ಟ್ ಅಟ್ಯಾಕ್ ಅನ್ನುವ ಮಾತು ಬಾಯಿಗೆ ಬರುವುದು ವೈಕುಂಠ ಸಮಾರಾಧನೆಗೆ ಕರೆಯುವಾಗ.

ಮೊನ್ನೆ ಅಡಿಕೆ ಸುಲಿಯುವಾಗ ಇದೇ ವಿಷಯ ಎದ್ದಿತು: ಈ ಹಾರ್ಟ್ ಅಟ್ಯಾಕ್ ಯಾಕಾಗುತ್ತದೆ? ಸುಲಿಯುವ ಮಿಷನ್ ಕೆಟ್ಟು ಕೂತಿದ್ದರಿಂದ ಅಟ್ಟದ ಮೇಲಿದ್ದ ಮೆಟ್ಟುಗತ್ತಿಗಳು ಕೆಳಗಿಳಿದಿದ್ದವು. ಕೈಗೆ ಕೆಲಸ ಇದ್ದಾಗ ಬಾಯಿ ಸುಮ್ನೆ ಇರುವುದಿಲ್ಲ, ಅಲ್ವಾ?

“ಎಲ್ಲ ರೇಟಿಂದ ಮಾರಾಯ, ಬೇರೆ ಎಂತದೂ ಅಲ್ಲ” ಎಂದರು ಮೇಲಿನಮನೆ ಭಾವ. ಅವರು ಊರಿಗೆಲ್ಲ ಭಾವ. “ಶಿವಮೊಗ್ಗದಲ್ಲಿ ಬೆಟ್ಟೆ ಅಡಿಕೆ ರೇಟು ಇಳೀತು ಅಂದ್ರೆ ಇಲ್ಲಿ ಎದೆ ಹಿಡ್ಕಳ್ತದೆ. ಮಳೆಗಾಲ ಪೂರ್ತಿ ಬೋರ್ಡೋ ದ್ರಾವಣ ಹೊಡ್ದರೂ ಅಡಿಕೆಗೆ ಕೊಳೆರೋಗ ಬಂತು. ಮನುಷ್ಯನ ಹಾರ್ಟು ಎಷ್ಟು ಅಂತ ತಡೀತದೆ?”

ಇಷ್ಟು ಹೇಳುತ್ತಾ ಚಂಚಿ ಬಿಚ್ಚಿದರು. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು, ಕೊನೆಗೆ ಹೊಗೆಸೊಪ್ಪಿನ ಎಸಳೊಂದನ್ನು ಉಗುರಲ್ಲಿ ಚೂರು ಮಾಡಿ ಮೇಲೆ ಉದುರಿಸಿದರು. ಕವಳ ಬಾಯಿಗೆ ಹೋದ ಮೇಲೆ ಭಾವನ ವಾದಕ್ಕೆ ಅಲ್ಪವಿರಾಮ.

ಆ ಸಂದು ನೋಡಿ ಮೇಷ್ಟ್ರು ನುಗ್ಗಿದರು. “ರೇಟೂ ಇಲ್ಲ ಗೀಟೂ ಇಲ್ಲ. ಬ್ರಾಯ್ಲರ್ ಕೋಳಿ! ಆಮೇಲೆ ಆ ಗೋಬಿ ಮಂಚೂರಿ ಎಣ್ಣೆ.” ಮೇಷ್ಟ್ರು ಕೋಳಿ ತಿನ್ನುವುದಿಲ್ಲ. ಗೋಬಿ ಕಂಡರೆ ಮೂಗು ಮುಚ್ಚುತ್ತಾರೆ. ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ನಮ್ಮ ಹುಡುಗ ಮಾತ್ರ ಎರಡನ್ನೂ ತಿನ್ನುತ್ತಾನೆ. ಹಾಗಾಗಿ ಅವನ ಪ್ರಕಾರ ಕಾರಣ ಬೇರೆ: “ಕೋವಿಡ್ ಲಸಿಕೆ ಅಣ್ಣಾ. ಜೊತೆಗೆ ಜಿಮ್ಮು. ಅಪ್ಪು ಸರ್ ಹೋದಾಗ ಬರೀ 46 ವರ್ಷ. ಅವತ್ತಿಂದ ನಾನು ಜಿಮ್ ಕಡೆ ತಲೆ ಹಾಕಿಲ್ಲ.” ಅದಕ್ಕೂ ಮೊದಲು ಅವನು ಜಿಮ್‌ಗೆ ಹೋಗಿದ್ದನ್ನು ಕಂಡವರು ಯಾರೂ ಇಲ್ಲ.

ಗಮನಿಸಿದಿರಾ? ಪ್ರತಿಯೊಬ್ಬರ ಹಾರ್ಟ್ ಅಟ್ಯಾಕಿಗೂ ಕಾರಣ ಇನ್ನೊಬ್ಬರು ಮಾಡುವ ಕೆಲಸ. ನನ್ನ ಪ್ರಕಾರ ಕಾರಣ ಬೇಕರಿ. ನನ್ನ ಊಟಕ್ಕೆ ಎರಡು ಅಪ್ಪೆಮಿಡಿ ಬೇಕು, ಆದರೆ ಮಿಡಿ ಉಪ್ಪಿನಕಾಯಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಮ್ಮಜ್ಜಿಯೇ ಹೇಳಿದ್ದಾಳೆ.

ಅಷ್ಟು ಹೊತ್ತು ತಲೆ ಬಗ್ಗಿಸಿ ಸುಲಿಯುತ್ತಿದ್ದವರು ನರ್ಸಮ್ಮ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. “ಲಸಿಕೆ ವಿಷಯ ಬಿಡಿ” ಎಂದರು. “2025ರಲ್ಲಿ ಹಾಸನದಲ್ಲಿ ಸಾಲು ಸಾಲು ಹಾರ್ಟ್ ಅಟ್ಯಾಕ್ ಸಾವು ಅಂತ ಗಲಾಟೆ ಎದ್ದಾಗ ಸರ್ಕಾರ ತಜ್ಞರ ಸಮಿತಿ ಮಾಡಿಸಿ ನೋಡಿತು. ಲಸಿಕೆಗೂ ಇದಕ್ಕೂ ನಂಟಿಲ್ಲ ಅಂದರು. ಅದೇ ಹಳೇ ಬಿಪಿ, ಶುಗರ್, ಬೀಡಿ, ಬೊಜ್ಜು.”

“ನಂಗೊತ್ತು” ಎಂದರು ಭಾವ, ಕವಳ ಒಂದು ಕೆನ್ನೆಗೆ ಒತ್ತಿ. “ತೋಟದ ಪೈಪಲ್ಲಿ ಪಾಚಿ ಕಟ್ಟಿದ ಹಂಗೆ. ಕಟ್ಟಿ ಕಟ್ಟಿ ಒಂದಿನ ನೀರೇ ಬರಲ್ಲ.”

“ಅರ್ಧ ಸರಿ. ಕೊಬ್ಬು ಕೂರೋದು ರಕ್ತನಾಳದ ಗೋಡೆಯೊಳಗೆ. ಮೇಲೆ ತೆಳ್ಳಗೆ ಪೊರೆ ಇರ್ತದೆ. ಅದು ಒಡೆದರೆ, ರಕ್ತ ಅದನ್ನ ಗಾಯ ಅಂದ್ಕೊಂಡು ಅಲ್ಲೇ ಹೆಪ್ಪುಗಟ್ಟುತ್ತೆ. ಸ್ವಲ್ಪ ಹೊತ್ತಲ್ಲೇ ದಾರಿ ಬಂದ್. ಅದಕ್ಕೇ ನಿನ್ನೆ ಗುಡ್ಡ ಹತ್ತಿ ಸೊಪ್ಪು ತಂದವರು ಇವತ್ತು ಬೀಳ್ತಾರೆ.”

ಎಲ್ಲರ ಕೈಯೂ ನಿಂತಿತು. ನರ್ಸಮ್ಮ ಬಿಡಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾಕ್ಟರ್ ಸಲೀಂ ಯೂಸುಫ್ ಮತ್ತು ಜೊತೆಯವರು 52 ದೇಶಗಳಲ್ಲಿ ಹುಡುಕಿ 2004ರಲ್ಲಿ ಲೆಕ್ಕ ಕೊಟ್ಟಿದ್ದಾರಂತೆ. ಮೊದಲ ಸಲ ಹಾರ್ಟ್ ಅಟ್ಯಾಕ್ ಆಗುವ ಅಪಾಯದಲ್ಲಿ ನೂರಕ್ಕೆ 90ರಷ್ಟು ಬರೀ ಒಂಬತ್ತು ಕಾರಣಗಳಿಂದ. ನಮ್ಮ ಕಡೆಯವರಿಗೆ ಬೇರೆ ದೇಶದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದಂತೆ.

“ತಂಬಾಕು, ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಟ್ಟೆ ಬೊಜ್ಜು, ಟೆನ್ಶನ್ನು, ಮೈ ಬಗ್ಗಿಸದೆ ಇರೋದು, ಹಣ್ಣು ತರಕಾರಿ ತಿನ್ನದೆ ಇರೋದು. ಒಂಬತ್ತನೇದು ಕುಡಿತದ ಲೆಕ್ಕ. ಅದನ್ನ ಹೇಳಿದ್ರೆ ನಿಮಗೆ ಬೇಕಾದ ಹಂಗೆ ತಿರುಗಿಸ್ತೀರಿ, ಹೇಳಲ್ಲ.”

“ಉಪ್ಪಿನಕಾಯಿ ಇಲ್ವಲ್ಲ?” ಎಂದೆ.

“ಬಿಪಿ ಒಳಗೆ ಇದೆ.”

ಭಾವನಿಗೆ ಬಿಪಿ ನೋಡಿಸಿ ಎಷ್ಟು ಕಾಲವಾಯಿತು ಎಂದು ಕೇಳಿದರು. ನೋಡಿಸಿಯೇ ಇಲ್ಲವಂತೆ. “ಕೆಳಮನೆಯವರಿಗೆ ನೋಡಿಸೋವರೆಗೂ ಬಿಪಿ ಇರ್ಲಿಲ್ಲ. ನೋಡಿಸಿದ ಮೇಲೇ ಬಂದಿದ್ದು” ಎನ್ನುವುದು ಭಾವನ ವಾದ. ಇದಕ್ಕೆ ಉತ್ತರ ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ.

“ಆಯ್ತು, ಗ್ಯಾಸೋ ಹಾರ್ಟೋ ಗೊತ್ತಾಗೋದು ಹೆಂಗೆ?” ಎಂದ ಹುಡುಗ. ಇದು ಒಳ್ಳೆಯ ಪ್ರಶ್ನೆ.

“ಮನೇಲಿ ಕೂತು ಗೊತ್ತಾಗಲ್ಲ ಮಗಾ, ಇಸಿಜಿ ಮಾಡಿಸಬೇಕು. ಎದೆ ಬಿಗಿ, ತಣ್ಣನೆ ಬೆವರು, ದವಡೆಗೋ ಕೈಗೋ ಹರಿಯೋ ನೋವು ಬಂದ್ರೆ ಕಷಾಯಕ್ಕೆ ನೀರಿಡಬೇಡಿ, 108ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಶುಗರ್ ಇದ್ದವರಿಗೆ ಕೆಲವು ಸಲ ಎದೆನೋವೇ ಇರಲ್ಲ. ಬರೀ ಸುಸ್ತು, ಉಬ್ಬಸ, ವಾಂತಿ ಬಂದ ಹಂಗೆ. ಈಗ ಅಪ್ಪು ಹೆಸರಿನ ಯೋಜನೇಲಿ ಹೆಪ್ಪು ಕರಗಿಸೋ ಇಂಜೆಕ್ಷನ್ನು ತಾಲ್ಲೂಕು ಆಸ್ಪತ್ರೇಲೂ ಪುಕ್ಕಟೆ ಕೊಡ್ತಾರೆ. ಆದ್ರೆ ಬೇಗ ಹೋದಷ್ಟೂ ಒಳ್ಳೇದು. ಈನೋ ಕುಡಿದು ಬೆಳಗಿನವರೆಗೆ ಕಾದ್ರೆ ಇಂಜೆಕ್ಷನ್ ಏನು ಮಾಡ್ತದೆ?”

ಆಮೇಲೆ ಅವರು ಮಾಡಿದ್ದು ಅನ್ಯಾಯ. ಮೂಟೆ ಹೊಲಿಯುವ ಸುತಲಿ ದಾರ ಎಳೆದು, ಮೂರಡಿಗೆ ಅರ್ಧ ಇಂಚು ಕಡಿಮೆ ಕತ್ತರಿಸಿದರು. ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಬಾರದಂತೆ. ಮೊದಲ ಸರದಿ ಭಾವನದು. ಭಾವ ಉಸಿರು ಒಳಗೆಳೆದು ನಿಂತರು. ದಾರದ ಎರಡು ತುದಿಯ ನಡುವೆ ಒಂದು ಗೇಣು ಭಾವ ಉಳಿದರು.

“ದಾರ ಕುಗ್ಗಿದೆ” ಎಂದರು.

ಹುಡುಗನದೂ ಕೂಡಲಿಲ್ಲ. ನನ್ನದನ್ನು ಇಲ್ಲಿ ಬರೆಯುವ ಅಗತ್ಯ ಇಲ್ಲ. ಮೇಷ್ಟ್ರಿಗೆ ಮಾತ್ರ ದಾರ ಎರಡು ಬೆರಳು ಮಿಕ್ಕಿತು. ಗೆದ್ದ ಖುಷಿಗೆ ಅವರ ಕೈ ಅಭ್ಯಾಸಬಲದಿಂದ ಅಂಗಿ ಜೇಬಿಗೆ ಹೋಯಿತು.

“ದಿನಕ್ಕೆ ಎರಡೇ” ಎಂದರು, ಯಾರೂ ಕೇಳುವ ಮೊದಲೇ.

“ಒಂದೇ ಸೇದಿದ್ರೂ ಇಪ್ಪತ್ತು ಸೇದೋರ ಹೆಚ್ಚಿನ ಅಪಾಯದಲ್ಲಿ ಅರ್ಧದ ಹತ್ತಿರ ಬರ್ತದೆ ಮೇಷ್ಟ್ರೇ. ನೀವು ಲೆಕ್ಕದ ಮೇಷ್ಟ್ರು ಬೇರೆ” ಎಂದು ನರ್ಸಮ್ಮ ಕೈಚಾಚಿ ಪ್ಯಾಕ್ ಇಸಿದುಕೊಂಡರು.

ಭಾವ ಬಿದ್ದು ಬಿದ್ದು ನಕ್ಕರು. ಚಾಚಿದ ಕೈ ಅವರ ಕಡೆ ತಿರುಗಿತು. “ಚಂಚೀನೂ ಕೊಡಿ. ಸುಟ್ಟರೂ ಅಗಿದರೂ ಹೊಗೆಸೊಪ್ಪು ಹೊಗೆಸೊಪ್ಪೇ.”

ಭಾವ ಚಂಚಿಯನ್ನು ಲುಂಗಿಯ ಮಡಿಕೆಯೊಳಗೆ ಇನ್ನೂ ಭದ್ರವಾಗಿ ಸಿಕ್ಕಿಸಿಕೊಂಡರು. “ಹಂಗೆಲ್ಲ ಕಿತ್ಕಂಡ್ರೆ ನಂಗೆ ಟೆನ್ಶನ್ ಆಗ್ತದೆ ನರ್ಸಮ್ಮ. ಟೆನ್ಶನ್ನೂ ಆ ಒಂಬತ್ತರಲ್ಲಿ ಒಂದು ಅಂತ ನೀವೇ ಹೇಳಿದ್ದಲ್ವಾ?”