ಮೋಲ್ ಅನುಪಾತ: 10ನ್ನು 3ರಿಂದ ಭಾಗಿಸಿದರೆ ಯಾಕೆ ತಪ್ಪು?

ಪ್ರಶ್ನೆ (ಮೊದಲ ಪಿಯುಸಿ ವಿದ್ಯಾರ್ಥಿನಿ):
ನಮಸ್ಕಾರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸೈನ್ಸ್ ತಗೊಂಡಿದ್ದೇನೆ, ಕೆಮಿಸ್ಟ್ರಿಯ ಮೊದಲ ಪಾಠದಲ್ಲೇ ಸಿಕ್ಕಿಕೊಂಡಿದ್ದೇನೆ. ಸಮೀಕರಣ ಇದು:

ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯ

10 ಗ್ರಾಂ ಹೈಡ್ರೋಜನ್‌ಗೆ ಎಷ್ಟು ಗ್ರಾಂ ನೈಟ್ರೋಜನ್ ಬೇಕು ಅಂತ ಲೆಕ್ಕ. 3ಕ್ಕೆ 1 ಅಲ್ವಾ, ಅದಕ್ಕೆ 3.33 ಗ್ರಾಂ ಎಂದು ಬರೆದೆ. ಕೆಂಪು ಗೆರೆ ಬಿತ್ತು. ಉತ್ತರ 46.7 ಅಂತೆ! ಅಷ್ಟೊಂದು ಎಲ್ಲಿಂದ ಬಂತು? ಸುಮ್ನೆ ಸೂತ್ರ ಬಾಯಿಪಾಠ ಮಾಡಲು ಇಷ್ಟ ಇಲ್ಲ, ಅರ್ಥ ಆಗಬೇಕು.

ಉತ್ತರ 1:
ನಮ್ಮದು ಹಾರ್ಡ್‌ವೇರ್ ಅಂಗಡಿ, ನನಗೆ ಇದು ತಕ್ಕಡಿ ಮುಂದೆ ನಿಂತೇ ಅರ್ಥವಾಯಿತು. ಒಂದು ಬೋಲ್ಟ್‌ಗೆ ಎರಡು ನಟ್ ಬೇಕು ಅಂದುಕೊಳ್ಳಿ. ಬೋಲ್ಟ್ 50 ಗ್ರಾಂ, ನಟ್ 10 ಗ್ರಾಂ. 5 ಕೆಜಿ ಬೋಲ್ಟ್ ಒಯ್ಯುವವರಿಗೆ 10 ಕೆಜಿ ನಟ್ ಕಟ್ಟಿಕೊಡುತ್ತೇವಾ? ಇಲ್ಲ. 5 ಕೆಜಿ ಅಂದರೆ 100 ಬೋಲ್ಟ್, ಅದಕ್ಕೆ 200 ನಟ್, ತೂಗಿದರೆ ಬರೀ 2 ಕೆಜಿ. ಅನುಪಾತ ಇರುವುದು ಎಣಿಕೆಯಲ್ಲಿ, ತೂಕದಲ್ಲಲ್ಲ. ಮೋಲ್ ಕೂಡ ಡಜನ್ ಥರ ಒಂದು ಎಣಿಕೆ, ಸಂಖ್ಯೆ ಮಾತ್ರ ಭಾರಿ ದೊಡ್ಡದು: 6.022 × 10ರ 23ನೇ ಘಾತ.

ಈಗ ನಿಮ್ಮ ಲೆಕ್ಕ. ಒಂದು ಮೋಲ್ ಹೈಡ್ರೋಜನ್ 2 ಗ್ರಾಂ, ಹಾಗಾಗಿ 10 ಗ್ರಾಂ ಅಂದರೆ 5 ಮೋಲ್. ಇದನ್ನು 3ರಿಂದ ಭಾಗಿಸಿ, 1.67 ಮೋಲ್ ನೈಟ್ರೋಜನ್. ಒಂದು ಮೋಲ್ ನೈಟ್ರೋಜನ್ 28 ಗ್ರಾಂ. ಗುಣಿಸಿದರೆ 46.7. ನೀವು ಭಾಗಿಸಿದ್ದು ಸರಿಯೇ, ಆದರೆ ಗ್ರಾಂ ಇದ್ದಾಗಲೇ ಭಾಗಿಸಿಬಿಟ್ಟಿರಿ.

ಉತ್ತರ 2 (ಟ್ಯೂಷನ್ ಹೇಳಿಕೊಡುತ್ತೇನೆ):
ಮೇಲಿನದು ಚೆನ್ನಾಗಿದೆ. ಇನ್ನೊಂದು ಕಡೆ ಮಕ್ಕಳು ಜಾಸ್ತಿ ಎಡವುತ್ತಾರೆ, ಹೈಡ್ರೋಜನ್ ಅಂದ ಕೂಡಲೇ 1 ಗ್ರಾಂ ಹಾಕಿಬಿಡುತ್ತಾರೆ. ಅನಿಲದಲ್ಲಿ ಪರಮಾಣುಗಳು ಜೋಡಿಯಾಗಿರುತ್ತವೆ, ಅದಕ್ಕೇ 2. ಕೊನೆಗೆ ತೂಕ ತಾಳೆ ನೋಡಿ: 10 + 46.7 = 56.7 ಗ್ರಾಂ. ಅಮೋನಿಯ 3.33 ಮೋಲ್, ಮೋಲ್‌ಗೆ 17 ಗ್ರಾಂನಂತೆ ಅದೂ 56.7. ಮೋಲ್‌ಗಳು ಹೀಗೆ ತಾಳೆಯಾಗಬೇಕಿಲ್ಲ, ಇಲ್ಲೇ ನೋಡಿ, 6.67 ಮೋಲ್ ಹೋಗಿ 3.33 ಮೋಲ್ ಬಂದಿದೆ. ತೂಕ ಮಾತ್ರ ಕೂಡಲೇಬೇಕು.

ಪ್ರಶ್ನೆ ಕೇಳಿದವಳು:
ನಟ್ಟು ಬೋಲ್ಟು ಓದಿದ ಮೇಲೆ ತಲೆಗೆ ಹತ್ತಿತು! ಲ್ಯಾಬಲ್ಲಿ ಮೆಗ್ನೀಸಿಯಂ ಪಟ್ಟಿ ಉರಿಸಿದ್ದರು, ಕಣ್ಣು ಕುಕ್ಕುವ ಬೆಳಕು, ಆಮೇಲೆ ಬಿಳಿ ಬೂದಿ. ಅದನ್ನೇ ಲೆಕ್ಕ ಮಾಡಿದೆ. 2 ಮೆಗ್ನೀಸಿಯಂಗೆ 1 ಆಕ್ಸಿಜನ್. 12 ಗ್ರಾಂ ಮೆಗ್ನೀಸಿಯಂ ಅಂದರೆ ಅರ್ಧ ಮೋಲ್, ಆಕ್ಸಿಜನ್ ಕಾಲು ಮೋಲ್, 8 ಗ್ರಾಂ. ಬೂದಿ 20 ಗ್ರಾಂ. ಸರಿನಾ?

ಉತ್ತರ 2:
ಸರಿ ಇದೆ. ಆಕ್ಸಿಜನ್‌ಗೆ 16 ಹಾಕದೆ 32 ಹಾಕಿದ್ದೀರಿ, ಅದು ನೋಡಿ ತುಂಬಾ ಖುಷಿಯಾಯಿತು.