ಶರಭ, ಸೇಬು ಮತ್ತು ಚಿಕ್ಕಪ್ಪನ ಹೋಟೆಲು

ಗ್ರಾಫಿಕ್ ಡಿಸೈನ್ ಓದಲು ಸೇರಿದ ಮೇಲೆ ನಾವು ನಾಲ್ವರೂ ನಾಲ್ಕು ಜನರ ನಡುವೆ ಕೂರಲು ಲಾಯಕ್ಕಿಲ್ಲದವರಾಗಿದ್ದೇವೆ. ಬಿಸ್ಕತ್ತು ತಂದರೆ ತಿನ್ನುವ ಮೊದಲು ಪೊಟ್ಟಣ ತಿರುಗಿಸಿ ಅಕ್ಷರ ನೋಡುತ್ತೇವೆ. ಬಸ್ಸಿನ ಬೋರ್ಡಿನ ಫಾಂಟಿಗೆ ಬೈದು ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಲಗ್ನಪತ್ರಿಕೆ ಬಂದರೆ ಹುಡುಗಿ ಯಾರು, ಯಾವ ಊರು ಅಂತ ಕೇಳುವುದಿಲ್ಲ. ಈ ಗುಲಾಬಿ ಬಣ್ಣದ ಮೇಲೆ ಬಂಗಾರದ ಅಕ್ಷರ ಹಾಕು ಅಂತ ಯಾರು ಹೇಳಿದ್ದು ಅಂತ ಕೇಳುತ್ತೇವೆ. ಅಮ್ಮ ಇದನ್ನು ಕಾಯಿಲೆ ಅನ್ನುತ್ತಾಳೆ. ಮೇಷ್ಟ್ರು ಇದನ್ನೇ ಪ್ರಗತಿ ಅನ್ನುತ್ತಾರೆ.

ಮೈಸೂರಿನ ನಮ್ಮ ಕಾಲೇಜಿನ ಎದುರು ಒಂದು ಟೀ ಅಂಗಡಿ ಇದೆ. ಅದರ ಬೋರ್ಡಿನಲ್ಲಿ ಮುಕ್ಕಾಲು ಭಾಗ ಒಂದು ತಂಪು ಪಾನೀಯ ಕಂಪನಿಯದು. ಅಂಗಡಿಯ ಹೆಸರು ಮೂಲೆಯಲ್ಲಿ, ಅಳುಕಿಕೊಂಡು ನಿಂತ ಬಾಡಿಗೆದಾರನಂತಿದೆ. ಮೊನ್ನೆ ಅಲ್ಲಿ ಕೂತಾಗ ಮಾತಿಗೆ ಬಂದದ್ದು ಗೌಡನ ಚಿಕ್ಕಪ್ಪನ ಹೋಟೆಲು. ಮಂಡ್ಯದಲ್ಲಿ ಹೊಸದಾಗಿ ತೆರೆಯುತ್ತಿದ್ದಾರೆ. ಲೋಗೋ ನಾವೇ ಮಾಡಿಕೊಡಬೇಕಂತೆ. ಏನೇನಿರಬೇಕು ಅನ್ನುವ ಪಟ್ಟಿ ವಾಟ್ಸಾಪಿನಲ್ಲಿ ಬಂದಿತ್ತು: ತೆಂಗಿನ ಮರ, ಆವಿಯಾಡುವ ಇಡ್ಲಿ ತಟ್ಟೆ, ಗಂಡಭೇರುಂಡ, ತೀರಿಕೊಂಡ ತಾತನ ಫೋಟೋ, ಎರಡು ಫೋನ್ ನಂಬರು. ಕೊನೆಯಲ್ಲಿ ‘ಸಿಂಪಲ್ಲಾಗಿರಲಿ’.

"ಇದರಲ್ಲಿ ಅರ್ಥ ಎಲ್ಲಿದೆ ಮಾರಾಯ?" ಅಂದ ಭಟ್ಟ. ಅವನು ಶಿರಸಿಯವನು. ಒಂದೊಂದು ಗೆರೆಗೂ ಕಾರಣ ಇರಬೇಕು ಅನ್ನುವ ಪಂಗಡ. ಹೋದ ಸೆಮಿಸ್ಟರಿನಲ್ಲಿ ಒಂದು ವೃತ್ತ ಬರೆದು, ಅದು ಭೂಮಿ, ಸೂರ್ಯ, ಕಾಲಚಕ್ರ, ದೋಸೆ ನಾಲ್ಕೂ ಹೌದು ಅಂತ ಇಡೀ ಕ್ಲಾಸಿಗೆ ಒಪ್ಪಿಸಿ ಒಳ್ಳೆ ಮಾರ್ಕ್ಸ್ ತೆಗೆದವನು.

"ನೀ ಮದಲ ವೃತ್ತಾ ಬರದಿ, ಆಮ್ಯಾಲ ಅರ್ಥಾ ಹುಡುಕಿದಿ," ಅಂದಳು ಪಾಟೀಲ. ಹುಬ್ಬಳ್ಳಿಯವಳು. ಅವಳಿಗೆ ಬೇರೆ ಹೆಸರಿದೆ, ಆದರೆ ಹಾಜರಿ ಪುಸ್ತಕದ ಹೊರಗೆ ಯಾರೂ ಅದನ್ನು ಬಳಸುವುದಿಲ್ಲ. "ಎಲ್ಲಾ ಲೋಗೋದ್ದೂ ಇದ ಹಣೇಬರಾ."

"ಸುಮ್ನೆ ಏನೋ ಹೇಳಬೇಡ. ಸ್ಟೇಟ್ ಬ್ಯಾಂಕಿನ ನೀಲಿ ಗುಂಡು ನೋಡು. ಅಹಮದಾಬಾದಿನ ಕಾಂಕರಿಯಾ ಕೆರೆ ಮೇಲಿನಿಂದ ಹಾಗೇ ಕಾಣುತ್ತದಂತೆ."

ಈ ಕೆರೆ ಕಥೆಯನ್ನು ಡಿಸೈನ್ ಓದುವವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ಲೋಗೋ ಮಾಡಿದವರು ಶೇಖರ್ ಕಾಮತ್, 1971ರಲ್ಲಿ. ಅವರು ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನವರು. ಅದೇ ಊರಿನಲ್ಲಿ ದುಂಡಗಿನ ಕೆರೆ, ನಡುವೆ ದ್ವೀಪ, ಅಲ್ಲಿಗೆ ಹೋಗಲು ದಾರಿ. ಎರಡನ್ನೂ ಪಕ್ಕದಲ್ಲಿಟ್ಟರೆ ಕಥೆ ತಾನಾಗಿಯೇ ಹುಟ್ಟುತ್ತದೆ.

"ನನಗೆ ಬೀಗದ ತೂತು ಕಾಣುತ್ತೆ ಗುರು," ಅಂದ ಗೌಡ.

"ನನಗ ನಮ್ಮಪ್ಪನ ಪಾಸ್‌ಬುಕ್ ಕಾಣತದ," ಅಂದಳು ಪಾಟೀಲ.

ನನ್ನ ಪ್ರಕಾರ ಆವತ್ತು ಆ ಬೆಂಚಿನ ಮೇಲೆ ಬಂದ ಸರಿಯಾದ ಉತ್ತರ ಅದೊಂದೇ. ಕೆರೆಯನ್ನಾಗಲಿ, ಬೀಗವನ್ನಾಗಲಿ ಯೋಚಿಸಿ ಯಾರೂ ಖಾತೆ ತೆಗೆಯುವುದಿಲ್ಲ. ಅಪ್ಪನ ಪಾಸ್‌ಬುಕ್ಕು, ಊರಿನ ಬ್ರಾಂಚು, ಸಂಬಳದ ದಿನ, ಇವೆಲ್ಲ ವರ್ಷಗಟ್ಟಲೆ ಆ ನೀಲಿಯೊಳಗೆ ಇಳಿದಿವೆ. ಡಿಸೈನರ್ ಕೊಟ್ಟದ್ದು ಖಾಲಿ ಪಾತ್ರೆ. ಒಳ್ಳೆಯ ಪಾತ್ರೆ ಅನ್ನಿ, ಸೋರದೆ ನಿಂತಿದೆ.

ಭಟ್ಟ ಸೋಲಲಿಲ್ಲ. ಜೇಬಿನಿಂದ ಬೇರೆ ಅಸ್ತ್ರ ತೆಗೆದ. "ಆಪಲ್? ಆ ಕಚ್ಚಿದ ಗುರುತು? ಅದು ಕಂಪ್ಯೂಟರಿನ ಬೈಟು, ಇಂಗ್ಲಿಷಿನಲ್ಲಿ ಕಚ್ಚುವುದಕ್ಕೂ ಅದೇ ಉಚ್ಚಾರ. ಜ್ಞಾನದ ಹಣ್ಣು. ವಿಷದ ಸೇಬು ತಿಂದು ಸತ್ತರು ಅನ್ನುವ ಕಂಪ್ಯೂಟರ್ ವಿಜ್ಞಾನಿ ಅಲನ್ ಟ್ಯೂರಿಂಗ್‌ಗೆ ನಮಸ್ಕಾರ."

ಅದು ಯಾವುದೂ ಅಲ್ಲ ಅಂತ ನಾನು ಹೇಳಬೇಕಾಯಿತು. 1977ರಲ್ಲಿ ಅದನ್ನು ಬರೆದ ರಾಬ್ ಜಾನಾಫ್ ಸ್ವತಃ ಹೇಳಿದ ಕಾರಣ ತುಂಬಾ ಸಪ್ಪೆ. ಸಣ್ಣದಾಗಿ ಅಚ್ಚಾದಾಗ ಜನ ಅದನ್ನು ಚೆರಿ ಹಣ್ಣು ಅಂದುಕೊಳ್ಳಬಾರದು, ಅಷ್ಟೇ. ಕಚ್ಚಿದರೆ ಗಾತ್ರ ಗೊತ್ತಾಗುತ್ತದೆ. ಬೈಟಿನ ಶ್ಲೇಷೆ ಆಮೇಲೆ ಯಾರೋ ಹೇಳಿದಾಗ ಅವರಿಗೇ ಹೊಳೆದದ್ದಂತೆ.

ಭಟ್ಟನ ಮುಖ ಸಣ್ಣದಾಯಿತು. ಗೌಡನ ಮುಖ ಅರಳಿತು. "ಅಂದ್ರೆ ಚಿಕ್ಕಪ್ಪನ ಇಡ್ಲೀನೂ ಒಂದು ಕಡೆ ಕಚ್ಚಿಬಿಡೋಣ. ಇಲ್ಲದಿದ್ರೆ ಹುಣ್ಣಿಮೆ ಚಂದ್ರ ಅಂತ ಜನ ಒಳಗೇ ಬರಲ್ಲ."

"ಎಂಜಲು ಇಡ್ಲಿ ಬೋರ್ಡಿನ ಮ್ಯಾಲೆ! ನಿಮ್ಮ ಚಿಕ್ಕಪ್ಪ ನಿನ್ನ ಕಚ್ಚತಾರ," ಅಂದಳು ಪಾಟೀಲ.

ದುಡ್ಡಿನ ವಿಷಯ ಆಗ ಬಂತು. ಮೂರು ಡಿಸೈನ್ ತೋರಿಸಿದರೆ 2,000 ರೂಪಾಯಿ ಅಂತ ಚಿಕ್ಕಪ್ಪ ಒಪ್ಪಿದ್ದರು. ಕಮ್ಮಿಯಾಯಿತು ಅಂತ ಗೌಡನ ಗೊಣಗಾಟ. ಅವನ ಸಮಾಧಾನಕ್ಕೆ ಭಟ್ಟ ನೈಕಿ ಕಥೆ ಹೇಳಿದ. ಕ್ಯಾರೊಲಿನ್ ಡೇವಿಡ್ಸನ್ ನಮ್ಮ ಹಾಗೇ ವಿದ್ಯಾರ್ಥಿನಿ, ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದವರು. 1971ರಲ್ಲಿ ಆ ಸರಿ ಗುರುತಿನಂಥ ಗೆರೆ ಬರೆದುಕೊಟ್ಟಾಗ ಸಿಕ್ಕಿದ್ದು 35 ಡಾಲರ್. ಆಗ ಅದು ಮಾಲೀಕ ಫಿಲ್ ನೈಟ್‌ಗೆ ಅಷ್ಟೇನೂ ಹಿಡಿಸಿರಲಿಲ್ಲ. ಕಂಪನಿ ದೊಡ್ಡದಾದ ಮೇಲೆ, 1983ರಲ್ಲಿ, ಕರೆದು ಅದೇ ಗುರುತಿನ ವಜ್ರದ ಉಂಗುರವನ್ನೂ ಷೇರುಗಳನ್ನೂ ಕೊಟ್ಟರು.

"ನಮ್ಮ ಚಿಕ್ಕಪ್ಪ ಷೇರು ಕೊಡಲ್ಲ. ಜಾಸ್ತಿ ಅಂದ್ರೆ ಇನ್ನೊಂದು ಸಲ ಸಾಂಬಾರ್ ಹಾಕಿಸ್ತಾರೆ."

ಕ್ಲಾಸಿನಲ್ಲಿ ನಮಗೆ ಬಾಯಿಪಾಠ ಮಾಡಿಸುವ ಒಂದು ನಿಯಮ ಇದೆ. ಲೋಗೋ ಸರಳವಾಗಿರಬೇಕು, ಉಗುರಿನಷ್ಟು ಸಣ್ಣದಾದರೂ ಕಾಣಬೇಕು, ಒಂದೇ ಬಣ್ಣದಲ್ಲೂ ನಿಲ್ಲಬೇಕು. ನೈಕಿ ಪಾಸು, ಆಪಲ್ ಪಾಸು. ಈ ನಿಯಮ ಹಿಡಿದು ನಾನು ಚಿಕ್ಕಪ್ಪನ ಪಟ್ಟಿಯನ್ನು ಹೊಡೆದುಹಾಕಲು ಹೊರಟಿದ್ದೆ. ಪಾಟೀಲ ಚೀಲದಿಂದ ಮೈಸೂರು ಸ್ಯಾಂಡಲ್ ಸೋಪು ತೆಗೆದು ಬೆಂಚಿನ ಮೇಲಿಟ್ಟಳು. ಹಾಸ್ಟೆಲಿಗೆ ಅಂತ ಆಗಷ್ಟೇ ಕೊಂಡದ್ದು.

"ಇದನ್ನ ಫೇಲ್ ಮಾಡು ನೋಡೋಣು."

ಎಲ್ಲರೂ ಡಬ್ಬಿಗೆ ಮುಖ ಹಚ್ಚಿದೆವು. ಅದರ ಮೇಲೆ ಹೂಬಳ್ಳಿಯ ಚಿತ್ತಾರ. ಗುರುತು ಶರಭ, ಅಂದರೆ ಸಿಂಹದ ಮೈಗೆ ಆನೆಯ ತಲೆ. ಸಣ್ಣದು ಮಾಡಿದರೆ ಸೊಂಡಿಲೂ ಕಾಲೂ ಒಂದೇ ಆಗುತ್ತವೆ. ಮನೆಯಲ್ಲಿ ಎಲ್ಲರೂ ಅದನ್ನು ಆನೆ ಅಂತಲೇ ಅಂದುಕೊಂಡಿರುತ್ತಾರೆ. ನಿಯಮದ ಪ್ರಕಾರ ಹತ್ತಕ್ಕೆ ಎರಡು ಮಾರ್ಕು. ಆದರೆ ನೂರು ಹೆಜ್ಜೆ ದೂರದ ಕಿರಾಣಿ ಅಂಗಡಿಯ ಕಪಾಟಿನಲ್ಲಿದ್ದರೂ ಅದನ್ನು ಗುರುತು ಹಿಡಿಯದ ಕನ್ನಡಿಗನನ್ನು ತೋರಿಸಿ!

ಈ ಸೋಪಿನ ಹುಟ್ಟೂ ಚೆನ್ನಾಗಿದೆ. ಮೊದಲ ಮಹಾಯುದ್ಧ ಬಂದು ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಿತು. ಮೈಸೂರು ಸಂಸ್ಥಾನದಲ್ಲಿ ಮರ ರಾಶಿ ಬಿತ್ತು. 1916ರಲ್ಲಿ ಇದೇ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಎಣ್ಣೆ ಬಂದ ಮೇಲೆ ಸೋಪಿನ ಯೋಚನೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಎಸ್.ಜಿ. ಶಾಸ್ತ್ರಿಯವರನ್ನು ಕಲಿತು ಬರಲು ಇಂಗ್ಲೆಂಡಿಗೆ ಕಳಿಸಿದರು. ಅವರು ಬಂದು 1918ರ ಹೊತ್ತಿಗೆ ಸೋಪು ತಯಾರಾಯಿತು. ಉಳಿದ ಸೋಪುಗಳೆಲ್ಲ ಇಟ್ಟಿಗೆಯಂತಿದ್ದಾಗ ಇದು ಮೊಟ್ಟೆಯಾಕಾರ. ಡಬ್ಬಿ ಒಡವೆ ಪೆಟ್ಟಿಗೆಯ ರೀತಿ. ಪ್ರಚಾರಕ್ಕೆ ಬೆಂಕಿಪೊಟ್ಟಣದ ಮೇಲೆ, ಟ್ರಾಮ್ ಟಿಕೆಟ್ಟಿನ ಮೇಲೆ ಸೋಪಿನ ಚಿತ್ರ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದ್ದರು.

"ಒಂಟೆ!" ಅಂತ ಗೌಡ ಬೆಂಚಿನಿಂದ ಎದ್ದೇಬಿಟ್ಟ. ಇನ್‌ಸ್ಟಾಗ್ರಾಂ ಜಾಹೀರಾತು ಅಂತ ಅವನು ಹಾಕಿದ್ದ ಲೆಕ್ಕವೆಲ್ಲ ಆ ಕ್ಷಣಕ್ಕೆ ಬಿದ್ದುಹೋಯಿತು. "ಮಂಡ್ಯದಲ್ಲಿ ಒಂಟೆ ಸಿಗಲ್ಲ. ಹಳ್ಳಿಕಾರ್ ಹೋರಿ ನಡೆಯುತ್ತಾ?"

"ನಡೀತದ. ಆದ್ರ ಹೋಟೆಲ್ ಮುಂದ ನಿಂತು ಅದು ಬಾಳಿ ಎಲಿ ತಿಂದ್ರ ಬಿಲ್ ಯಾರು ಕೊಡೋರು?"

ಹೀಗೆ ಹಳೆಯ ಗುರುತಿಗೆ ಜನ ಅಂಟಿಕೊಂಡಿರುವುದನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಟ್ರಾಪಿಕಾನಾ ಇದೆ. 2009ರಲ್ಲಿ ಅಮೆರಿಕದಲ್ಲಿ ಪೆಪ್ಸಿಕೋದವರು ಈ ಜ್ಯೂಸಿನ ಡಬ್ಬಿ ಬದಲಿಸಿದರು. ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣು ಹೋಗಿ, ಲೋಟ ತುಂಬ ಜ್ಯೂಸು ಬಂತು. ನಮ್ಮ ಮೇಷ್ಟ್ರಾದರೆ ನೂರಕ್ಕೆ ತೊಂಬತ್ತು ಕೊಡುತ್ತಿದ್ದರು, ಅಷ್ಟು ಚೊಕ್ಕಟ. ಅಂಗಡಿಗೆ ಬಂದವರಿಗೆ ತಮ್ಮ ಡಬ್ಬಿಯೇ ಸಿಗಲಿಲ್ಲ. ಮಾರಾಟ ಸುಮಾರು ಶೇಕಡಾ 20ರಷ್ಟು ಕುಸಿಯಿತು. ಎರಡು ತಿಂಗಳು ತುಂಬುವ ಮೊದಲೇ ಹಳೆಯ ಕಿತ್ತಳೆ ವಾಪಸ್.

ಭಟ್ಟ ಇಷ್ಟು ಹೊತ್ತು ಸುಮ್ಮನಿದ್ದ. ಜಾಹೀರಾತಿನ ಮಾತು ಬಂದದ್ದೇ ಚೇತರಿಸಿಕೊಂಡ. "ಹಾಗಾದರೆ ಗುರುತಿಗಿಂತ ಪಾತ್ರ ಒಳ್ಳೆಯದು. ಏಷ್ಯನ್ ಪೇಂಟ್ಸಿನ ಗಟ್ಟು ಅನ್ನುವ ಹುಡುಗನನ್ನು ನೆನಪು ಮಾಡಿಕೊಳ್ಳಿ. ಹಣೆ ಮೇಲೆ ಕೂದಲು, ಕೈಯಲ್ಲಿ ಸೋರುವ ಬ್ರಷ್ಷು."

ಅದನ್ನು 1954ರಲ್ಲಿ ಬರೆದವರು ಆರ್.ಕೆ. ಲಕ್ಷ್ಮಣ್, ಮೈಸೂರಿನಲ್ಲಿ ಹುಟ್ಟಿ ಬೆಳೆದವರು. ಹುಡುಗನಿಗೆ ಹೆಸರು ಕೊಡಿ ಅಂತ ಕಂಪನಿ ಜನರನ್ನೇ ಕೇಳಿ 500 ರೂಪಾಯಿ ಬಹುಮಾನ ಇಟ್ಟಿತ್ತು. ಇಬ್ಬರು ಒಂದೇ ಹೆಸರು ಸೂಚಿಸಿ ಹಣ ಹಂಚಿಕೊಂಡರು. ವೊಡಾಫೋನ್ ಜಾಹೀರಾತಿನ ಜೂಜೂ ಕೂಡ ಇಂಥದೇ ಪಾತ್ರ. 2009ರ ಐಪಿಎಲ್ ಹೊತ್ತಿನಲ್ಲಿ ಬಂದ ಆ ಬಿಳಿ ಮೊಟ್ಟೆತಲೆಗಳನ್ನು ಎಲ್ಲರೂ ಕಾರ್ಟೂನ್ ಅಂದುಕೊಂಡಿದ್ದೆವು. ಒಳಗೆ ನಿಜವಾದ ಮನುಷ್ಯರಿದ್ದರು. ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನವರು ತೆಗೆದದ್ದು.

"ಪಾತ್ರ ಬೇಕಾದ್ರೆ ತಾತನ ಫೋಟೋ ಇದೆಯಲ್ಲ," ಅಂದ ಗೌಡ. ತಮಾಷೆಗೆ ಅಂದದ್ದು. ಆದರೆ ಯಾರೂ ನಗಲಿಲ್ಲ, ಯಾಕೆಂದರೆ ಅದು ಸರಿ ಇತ್ತು. ದೊಡ್ಡ ಮೀಸೆ, ತಲೆಗೆ ಟವೆಲ್. ಮೂರು ಗೆರೆಯಲ್ಲಿ ಬರೆದುಬಿಡಬಹುದಾದ ಮುಖ.

ಪಾಟೀಲ ಟೀ ಬಿಲ್ಲಿನ ಹಿಂದೆ ಬರೆದೇಬಿಟ್ಟಳು. ಮೀಸೆಯ ಎರಡು ತುದಿ, ಟವೆಲ್ಲಿನ ಒಂದು ಮಡಿಕೆ. ಕೆಳಗೆ ಹೆಸರು ಬರಬೇಕು: ಶ್ರೀ ಅನ್ನಪೂರ್ಣೇಶ್ವರಿ. ನಿಜವಾದ ಕಷ್ಟ ಶುರುವಾದದ್ದು ಅಲ್ಲಿ.

ನಮಗೆ ಕಲಿಸುವ ಅಕ್ಷರಶಾಸ್ತ್ರವೆಲ್ಲ ಇಂಗ್ಲಿಷಿನದು. ಒಂದು ಗೆರೆ ಎಳೆದು ಅದರ ಮೇಲೆ ಅಕ್ಷರಗಳನ್ನು ಸಾಲಾಗಿ ಕೂರಿಸು ಅನ್ನುತ್ತದೆ. ನಮ್ಮ ಅನ್ನಪೂರ್ಣೇಶ್ವರಿ ಹಾಗೆ ಕೂರುವವಳಲ್ಲ. ನಕಾರದ ಒತ್ತು ಕೆಳಗೆ ಇಳಿಯುತ್ತದೆ, ವಕಾರದ್ದೂ ಇಳಿಯುತ್ತದೆ, ಏಕಾರದ ದೀರ್ಘ ಬಲಕ್ಕೆ ಬಂದು ಜಾಗ ಕೇಳುತ್ತದೆ, ಅರ್ಕಾವತ್ತು ಅದರ ಪಕ್ಕದಲ್ಲೇ ತನ್ನ ಕುರ್ಚಿ ಹಾಕಿಕೊಳ್ಳುತ್ತದೆ. ಕೆಳಗೆ ಫೋನ್ ನಂಬರು ಹಾಕಿದರೆ ಒತ್ತುಗಳು ಅದರ ತಲೆ ಮೇಲೆ ಕಾಲಿಡುತ್ತವೆ. ಫೋಟೋಶಾಪಿನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಒತ್ತದಿದ್ದರಂತೂ ಒತ್ತುಗಳೆಲ್ಲ ಬಿಚ್ಚಿಕೊಂಡು ಸಾಲಾಗಿ ನಿಲ್ಲುತ್ತವೆ. ಊರ ತುಂಬ ಫಲಕಗಳಲ್ಲಿ ಆ ಅನಾಥ ಒತ್ತುಗಳನ್ನು ನೀವೂ ನೋಡಿರುತ್ತೀರಿ.

ಇದಕ್ಕೆ ಉತ್ತರ ಗೊತ್ತಿರುವುದು ಫ್ಲೆಕ್ಸ್ ಅಂಗಡಿಯ ಅಣ್ಣನಿಗೆ. ಅವನು ಯಾವ ಕಾಲೇಜಿಗೂ ಹೋಗಿಲ್ಲ. ಕೋರೆಲ್‌ಡ್ರಾ ತೆರೆದು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಅಕ್ಷರಗಳನ್ನು ಆಕಾರವಾಗಿ ಬದಲಿಸಿ, ಒತ್ತನ್ನು ಹಿಡಿದು ಚೂರು ಮೇಲೆ ತಳ್ಳುತ್ತಾನೆ, ಚೂರು ಸಣ್ಣದು ಮಾಡುತ್ತಾನೆ. ಬೈಕಿನಲ್ಲಿ ಹೋಗುವವನು ಓದುವಂತಿರಬೇಕು ಅನ್ನುವುದೊಂದೇ ಅವನ ಸಿದ್ಧಾಂತ. ಬಣ್ಣದ ವಿಷಯದಲ್ಲಿ ಮಾತ್ರ ಅವನನ್ನು ನಂಬಬಾರದು. ಹಳದಿಗೆ ಕೆಂಪು ಅಂಚು, ಅದಕ್ಕೆ ಬಿಳಿ ಅಂಚು, ಅದಕ್ಕೆ ನೆರಳು. ಆದರೆ ಒತ್ತಿಗೆ ಜಾಗ ಬಿಡುವುದರಲ್ಲಿ ನನಗೆ ಅವನೇ ಗುರು.

"ಈಗ ಒಂದು ಆಯ್ತು. ಇನ್ನೆರಡು?" ಅಂದ ಗೌಡ.

"ಒಂದೇ ಸಾಕು," ಅಂದ ಭಟ್ಟ. ಅವನ ಕಣ್ಣಲ್ಲಿ ಹಳೆಯ ಹೊಳಪು. "1986ರಲ್ಲಿ ಸ್ಟೀವ್ ಜಾಬ್ಸ್ ತನ್ನ ನೆಕ್ಸ್ಟ್ ಕಂಪನಿಗೆ ಲೋಗೋ ಬೇಕು ಅಂತ ಹೆಸರಾಂತ ಡಿಸೈನರ್ ಪಾಲ್ ರ್‍ಯಾಂಡ್ ಹತ್ತಿರ ಹೋದ. ಬೇರೆ ಬೇರೆ ಆಯ್ಕೆ ಕೊಡುತ್ತೀರಾ ಅಂತ ಕೇಳಿದರೆ ಇಲ್ಲ ಅಂದರು. ಒಂದೇ ಕೊಡುತ್ತೇನೆ, ಬೇಕಿದ್ದರೆ ಬಳಸು, ದುಡ್ಡು ಮಾತ್ರ ಕೊಡಲೇಬೇಕು ಅಂತ. ಒಂದು ಲಕ್ಷ ಡಾಲರ್ ತಗೊಂಡರು!"

ಗೌಡನ ಎದೆ ಉಬ್ಬಿತು. ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. "ಚಿಕ್ಕಪ್ಪ, ಮೂರು ಮಾಡಲ್ಲ. ಒಂದೇ ಮಾಡೋದು. ದೊಡ್ಡ ದೊಡ್ಡ ಡಿಸೈನರ್‌ಗಳೆಲ್ಲ ಹಂಗೇ."

ಆ ಕಡೆಯಿಂದ ಪಾತ್ರೆ ಬೀಳುವ ಸದ್ದು, ಯಾರನ್ನೋ ಬೈದ ಸದ್ದು.

"ಆಯ್ತು ಕಣಪ್ಪ, ಒಂದೇ ಮಾಡು," ಅಂದರು ಚಿಕ್ಕಪ್ಪ. "ಹಾಗಾದ್ರೆ 666 ರೂಪಾಯಿ. ಚಿಲ್ಲರೆ ಬಿಟ್ಟುಬಿಡು, ಮನೆಯವನೇ ಅಲ್ವಾ."